ಅರ್ವಿದನ ಅಮೂಲ್ಯ ಹಲ್ಲು

ಬೆಳಿಗ್ಗೆ ರೈ ಧಾನ್ಯದ ಗಟ್ಟಿ ರೊಟ್ಟಿ ಕಚ್ಚಿದ್ದೇ ತಡ, ಅರ್ವಿದನ ಬಾಯಲ್ಲಿ ರಕ್ತದ ರುಚಿ. ಉಗಿದು ನೋಡಿದರೆ ಸಾಸಿವೆಕಾಳಿನಷ್ಟು ಕೆಂಪು. ಅವನ ಕಣ್ಣಿಗೆ ಮಾತ್ರ ತನ್ನೂರು ಗೋಥೆನ್‌ಬರ್ಗಿನ ಬಂದರಿಗೆ ಬಂದರೇ ಕೆಂಪಾಗಿಹೋಯಿತು!

ಬೇರೆಯವರಾಗಿದ್ದರೆ ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತಿದ್ದರು. ಆದರೆ ಅರ್ವಿದ್ ಕೃತಕ ಹಲ್ಲಿನ ಬೇರಿಗೆ ನಕ್ಷೆ ಹಾಕುವವನು. ತನ್ನ ಹೊಸ ಬೇರನ್ನು ತನ್ನ ದವಡೆಗೇ ಮೊದಲು ಹಾಕಿಸಿಕೊಂಡ ಭೂಪ. ದವಡೆಯೊಳಗೆ ಕೂರುವ ತಿರುಪೇ ಆ ಬೇರು; ಅದಕ್ಕಿಂತ ಹಲ್ಲನ್ನು ಹೊರುವ ಮೇಲಿನ ಕತ್ತು ಸಪೂರ. ಹಾಗಾಗಿ ಎರಡೂ ಸೇರುವ ಸಂದು ಮೂಳೆಯ ಅಂಚಿನಿಂದ ದೂರ ಸರಿಯುತ್ತದೆ. ರೋಗಾಣುಗಳಿಗೆ ಬಿಡಾರ ಹೂಡಲು ಜಾಗವಿಲ್ಲ, ಒಸಡು ಊದುವುದಿಲ್ಲ, ಮೂಳೆ ಸವೆಯುವುದಿಲ್ಲ. ಇದು ಅವನ ವಾದ. ಇವತ್ತು ಆ ಬೇರಿಗೆ ವರ್ಷದ ಪರೀಕ್ಷೆ. ದಂತವೈದ್ಯರ ಸಲಾಕೆ ಒಸಡಿಗೆ ತಾಗಿ ಒಂದು ಹನಿ ರಕ್ತ ಬಂದರೂ ಹನ್ನೊಂದು ವರ್ಷದ ದುಡಿಮೆ ಕಸದ ಬುಟ್ಟಿಗೆ.

ಕಚೇರಿಯ ಕಾಫಿ ಬಿಡುವಿನಲ್ಲಿ ಸಹೋದ್ಯೋಗಿ ಗುನ್ವೋರ್ ಏಲಕ್ಕಿ ಬನ್ ನೀಡಿದಳು.

"ನಂಗೆ ಬೇಡ."

ಕಚೇರಿಯೇ ಸ್ತಬ್ಧವಾಯಿತು. ಸ್ವೀಡನ್ನಿನ ಇತಿಹಾಸದಲ್ಲೇ ಕಾಫಿ ಜೊತೆ ಬಂದ ಬನ್ನನ್ನು ಯಾರೂ ಬೇಡ ಅಂದಿರಲಿಲ್ಲ.

"ನಾನು ಬೇಯ್ಸಿದ್ದು ಅಂತ ಬೇಡ್ವಾ?" ಗುನ್ವೋರ್ ತಟ್ಟೆ ಹಿಂದಕ್ಕೆಳೆದುಕೊಂಡಳು.

"ಅಯ್ಯೋ ಹಾಗಲ್ಲ ತಾಯಿ, ಬಾಯಲ್ಲಿ ರಕ್ತ..."

ಅಷ್ಟೇ ಸಾಕಾಯಿತು. ಹದಿನಾಲ್ಕು ಮೊಬೈಲುಗಳ ದೀಪಗಳು ಅವನ ಬಾಯಿಗೆ ನುಗ್ಗಿದವು. ಎಲ್ಲರೂ ಇಣುಕಿ, ಅಲ್ಲೇ ಸಭೆ ಸೇರಿ, ಉಪ್ಪುನೀರು ಒಳ್ಳೆಯದೆಂದು ಒಮ್ಮತಕ್ಕೆ ಬಂದರು. ಗಾಬರಿಯಲ್ಲಿ ಅರ್ವಿದ್ ಮುಕ್ಕಳಿಸುವ ಬದಲು ಲೋಟ ಪೂರ್ತಿ ಕುಡಿದ. ಮೇಲಧಿಕಾರಿ ಟೂರೆ ಧೈರ್ಯಕ್ಕೆಂದು ತನ್ನ ಹೊಗೆಸೊಪ್ಪಿನ ಡಬ್ಬಿ ಚಾಚಿದ. "ತುಟಿ ಕೆಳಗೆ ಇಟ್ಕೋ ಮಾರಾಯ, ನಡುಕ ನಿಲ್ಲತ್ತೆ."

"ಒಸಡಿನ ಪರೀಕ್ಷೆಗೆ ಹೊರಟವ್ನಿಗೆ ಇದಾ ಕೊಡೋದು!" ಗುನ್ವೋರ್ ಗದರಿದಳು.

ಕೊನೆಗೆ ಇಡೀ ದಂಡು ದಂತವೈದ್ಯೆ ಇಂಗೇಲಾಳ ಕೋಣೆಯ ಬಾಗಿಲಲ್ಲಿ ನಿಂತಿತು. ಅವಳು ಸಲಾಕೆಯಿಂದ ಕೃತಕ ಹಲ್ಲಿನ ಸುತ್ತ ಒಸಡು ತಡವಿದಳು. ಅರ್ವಿದನ ಎದೆಬಡಿತಕ್ಕೆ ಕುರ್ಚಿಯ ತಿರುಪುಗಳೇ ಸಡಿಲಾದವು.

"ಒಂದು ಹನೀನೂ ಇಲ್ಲ. ಎಕ್ಸ್‌ರೇಲಿ ಮೂಳೆ ಕೂದಲೆಳೆಯಷ್ಟೂ ಸವೆದಿಲ್ಲ. ನೀ ಗೆದ್ದೆ!"

ಬಾಗಿಲಲ್ಲಿ ಚಪ್ಪಾಳೆ. "ಹಾಗಾದ್ರೆ ಬೆಳಿಗ್ಗೆ ಆ ರಕ್ತ?" ಎಂದ ಅರ್ವಿದ್.

"ದಿನಕ್ಕೆಷ್ಟು ಸಲ ಉಜ್ತೀಯ?"

"ಏಳು ಸಲ!"

"ಎಲ್ಲಾ ಹಲ್ಲೂನಾ?"

"ಛೆ, ಇದೊಂದನ್ನೇ. ಅಳತೆ ತಗೊಳ್ಳೋದು ಇದರದ್ದೇ ಅಲ್ವಾ?"

ಇಂಗೇಲಾ ಬಾಯೊಳಗಿನ ಪುಟ್ಟ ಕನ್ನಡಿಯನ್ನು ಪಕ್ಕಕ್ಕೆ ಸರಿಸಿದಳು. ಉಳಿದ ಹಲ್ಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದಳು.

"ಅರ್ವಿದ್, ನಿನ್ನ ಸ್ವಂತದ್ದು ಆರು ಹಲ್ಲು ಅಲ್ಲಾಡ್ತಿವೆ. ರಕ್ತ ಬಂದಿದ್ದು ಅಲ್ಲಿಂದ್ಲೇ. ಮೂಳೆ ಕರಗಿಹೋಗಿದೆ. ಕೀಳ್ಲೇಬೇಕು."

ಬಾಗಿಲಿನಿಂದ ಟೂರೆ ಖುಷಿಯಲ್ಲಿ ಕೂಗಿದ: "ಶಹಭಾಸ್! ಮುಂದಿನ ಪರೀಕ್ಷೆಗೆ ಇನ್ನೂ ಆರು ಜಾಗ ಸಿಕ್ತು!"

ಗುನ್ವೋರ್ ಮೆಲ್ಲನೆ ಬನ್ನನ್ನು ಅವನ ಕೈಗಿಟ್ಟಳು. "ಕಾಫೀಲಿ ಅದ್ಕೊಂಡು ತಿನ್ನಪ್ಪಾ. ಇನ್ಮೇಲೆ ಹಾಗೇ ತಾನೆ."