ಎಮ್ಮೆಯನ್ನು ಬದಲಾಯಿಸಲಾಗಿದೆ

ಇಂಟರ್‌ನೆಟ್ಟಿನಲ್ಲಿ ಕಂಡದ್ದೆಲ್ಲ ನಮ್ಮದೇ ಎಂದು ನಂಬಿ ಬೆಳೆದವನು ನಾನು. ಮಾನ್ವಿ ತಾಲ್ಲೂಕಿನ ಹಳೆಯ ಬಾವಿಗಳ ಮೇಲಿನ ನನ್ನ ಎಂ.ಎ. ಪ್ರಬಂಧಕ್ಕೆ ಸಿಕ್ಕಸಿಕ್ಕ ಫೋಟೋ ಅಂಟಿಸಿ, ರಾಯಚೂರಿನ ಕಾಲೇಜಿಗೆ ಎದೆಯುಬ್ಬಿಸಿಕೊಂಡು ಹೋದೆ.

“ಇವು ಯಾರು ತೆಗದ ಫೋಟೋ?” ಎಂದರು ಗೈಡ್ ಮೇಡಂ.

“ನೆಟ್ಟಿನವು ರೀ ಮೇಡಂ.”

“ನೆಟ್ ಏನು ನಿಮ್ಮ ಮಾವನ ಹೊಲಾನ? ಇದು ಕಳವು! ಕೆಲವಕ್ಕ ಯಾರು ಬೇಕಾದ್ರೂ ಬಳಸ್ರಿ ಅಂತ ತೆಗದವ್ರೇ ಪರವಾನಗಿ ಕೊಟ್ಟಿರ್ತಾರ, ಅಂಥವು ಹುಡುಕು. ಕೆಳಗ ಅವರ ಹೆಸರು, ಎಲ್ಲಿಂದ ತಗೊಂಡಿ, ಯಾವ ಪರವಾನಗಿ, ಏನು ಬದಲು ಮಾಡೀದಿ, ಎಲ್ಲಾ ಬರಿ. ನಾಳೆ ಸಂಜಿ ಒಳಗ ಬರಲಿಲ್ಲಂದ್ರ ಮುಂದಿನ ವರ್ಷ ಬಾ!”

ಕಳವಂತೆ! ಇಡೀ ಕ್ಲಾಸು ಮಾಡಿದ್ದೂ ಅದನ್ನೇ; ಸಿಕ್ಕಿಬಿದ್ದವನು ನಾನೊಬ್ಬ! ಹಾಸ್ಟೆಲ್ಲಿಗೆ ಬಂದು, ಮೇಡಂ ದನಿ ತೆಗೆದು ನನಗೆ ನಾನೇ ಬೈದುಕೊಂಡೆ. ಪಕ್ಕದ ರೂಮಿನವರು ಮೇಡಮ್ಮೇ ಬಂದರೆಂದು ಗಾಬರಿಯಾಗಿ ಲುಂಗಿ ಸರಿಮಾಡಿಕೊಂಡರು.

ಮುಕ್ತ ಚಿತ್ರಗಳ ತಾಣವೊಂದನ್ನು ಜಾಲಾಡಿದೆ. ಸಿಕ್ಕಿದ್ದು ಒಂದೇ: ನೀರಮಾನ್ವಿಯ ಬಾವಿ. ಅದರ ಮುಂದೆ, ಬಾವಿಯನ್ನು ತಾನೇ ಕಟ್ಟಿಸಿದ ಗತ್ತಿನಲ್ಲಿ, ಒಂದು ಎಮ್ಮೆ! ಫೋಟೋ ತೆಗೆದ ಮಹಾಶಯ ಆ ತಾಣದಲ್ಲಿ ಇಟ್ಟುಕೊಂಡ ಹೆಸರು ‘ಮಂಡಾಳ ಮಿರ್ಚಿ’. ಇಂಥ ಘನ ಪ್ರಬಂಧದಲ್ಲಿ ಸಂಜೆ ಚಹಾದ ಜೊತೆ ಮೆಲ್ಲುವ ಚುರುಮುರಿ-ಬಜ್ಜಿಯ ಹೆಸರು! ಆದರೆ ಹೆಸರನ್ನು ಅವರು ಕೊಟ್ಟಂತೆಯೇ ಹಾಕಬೇಕಂತೆ.

ಮರುದಿನ ಬಸಣ್ಣನ ಡಿಟಿಪಿ ಅಂಗಡಿಗೆ ಓಡಿದೆ. ಊರಿನ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸುಗಳೆಲ್ಲ ಜನ್ಮ ತಾಳುವುದು ಅಲ್ಲೇ.

“ಬಸಣ್ಣ, ಈ ಎಮ್ಮಿ ತೆಗದುಬಿಡು. ಕೆಳಗ ಇವರ ಹೆಸರು ಮರ್ಯಾದಿಯಿಂದ ಹಾಕು. ಏನು ಬದಲು ಮಾಡೀದಿ ಅಂತನೂ ಬರಿ.”

“ನನಗ ಕಲಸಾಕ ಬರ್ತಿಯೇನಲೇ? ಹೋಗಿ ಚಾ ಕುಡದು ಬಾ.”

ಬರುವಷ್ಟರಲ್ಲಿ ಬೈಂಡಿಂಗೂ ಮುಗಿದಿತ್ತು. ತೆರೆದು ನೋಡುವ ಅಲ್ಪತನ ತೋರದೆ ಒಯ್ದು ಮೇಡಂ ಮೇಜಿನ ಮೇಲಿಟ್ಟೆ.

ಮೇಡಂ ತೆರೆದರು. ಪುಟದ ಸುತ್ತ ಚೆಂಡುಹೂವಿನ ಅಂಚು. ನಡುವೆ ಬಾವಿ. ಎಮ್ಮೆ ನಿಂತಿದ್ದ ಜಾಗದಲ್ಲಿ, ಕಪ್ಪು ಕನ್ನಡಕ ಹಾಕಿ ಕೈಮುಗಿದು ನಿಂತ ನಾನು! ನಮ್ಮ ಓಣಿಯ ಗಣೇಶನ ಫ್ಲೆಕ್ಸಿನಿಂದ ಎತ್ತಿದ ಫೋಟೋ. ಕೆಳಗೆ ಕೆಂಪು-ಹಳದಿ ಅಕ್ಷರಗಳಲ್ಲಿ: ‘ಸನ್ಮಾನ್ಯ ಶ್ರೀ ಮಂಡಾಳ ಮಿರ್ಚಿಯವರ ಕೃಪಾಶೀರ್ವಾದದೊಂದಿಗೆ’. ಅದರ ಕೆಳಗೆ: ‘ಎಮ್ಮೆಯನ್ನು ಬದಲಾಯಿಸಲಾಗಿದೆ.’

ಮೇಡಂ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಬದಲಾಯಿಸ್ಯಾರೇನು? ನನಗೇನೂ ಫರಕ್ ಕಾಣವಲ್ದು!”

ಕಾಲೇಜಿನ ಅಂಗಳದಲ್ಲೇ ನಿಂತು ಬಸಣ್ಣನಿಗೆ ಫೋನು ಮಾಡಿ, ಮೇಡಂ ಅಂದದ್ದನ್ನೂ ಸೇರಿಸಿ ಕೂಗಾಡಿದೆ. ಅವನು ನನಗಿಂತ ಜೋರು: “ಎಮ್ಮಿ ತೆಗದ ಮ್ಯಾಲ ಜಾಗ ಖಾಲಿ ಉಳೀತಲೇ! ಮನಷ್ಯಾರ ಮಾರಿ ಇಲ್ಲದ ಫ್ಲೆಕ್ಸ್ ನಮ್ಮ ಅಂಗಡ್ಯಾಗ ಇವತ್ತಿನ ತನಕ ಹೊಂಟಿಲ್ಲ!”

ಸಂಜೆಯೊಳಗೆ ಆ ಪುಟ ಕಿತ್ತು, ಮೂಲ ಚಿತ್ರವನ್ನೇ ಹಾಕಿಸಿ, ಹೇಗೋ ಸಲ್ಲಿಸಿದೆ. ವರ್ಷ ಉಳಿಯಿತು. ಮಾನ ಉಳಿಯಲಿಲ್ಲ! ಪ್ರಬಂಧ ಈಗ ಲೈಬ್ರರಿಯಲ್ಲಿದೆ. ಬಾವಿ, ಅದರ ಮುಂದೆ ಎಮ್ಮೆ, ಕೆಳಗೆ ಮಂಡಾಳ ಮಿರ್ಚಿಯವರ ಹೆಸರು, ಜೊತೆಗೆ ‘ಯಾವ ಬದಲಾವಣೆಯನ್ನೂ ಮಾಡಿಲ್ಲ’ ಎಂಬ ಸಾಲು. ಮೇಡಂ ದನಿಯನ್ನು ಈಗ ನಾನು ತೆಗೆಯುವುದಿಲ್ಲ, ಇಡೀ ಹಾಸ್ಟೆಲ್ಲೇ ತೆಗೆಯುತ್ತದೆ: “ನನಗೇನೂ ಫರಕ್ ಕಾಣವಲ್ದು!” ಅದರ ಪುಟ ತೆರೆದು, ಎಮ್ಮೆಯ ಮೇಲೆ ಬೆರಳಿಟ್ಟು, “ಲೇ, ಫೋಟೋದಾಗ ಚಂದ ಬಂದೀದಿ ಬಿಡು!” ಎನ್ನುವವರೂ ಇದ್ದಾರೆ.

ಆದರೆ ಅದು ನಾನೇ ಆದರೆ, ಕೆಳಗೆ ನನ್ನ ಹೆಸರನ್ನೇ ಹಾಕಿಲ್ಲವಲ್ಲ, ಇದು ಕಳವಲ್ಲವೇ?