ವಾರಕ್ಕೊಂದು ಹುಟ್ಟುಹಬ್ಬ

ನಾನು ಕಟ್ಟುನಿಟ್ಟಿನ ಮನುಷ್ಯ. ಬಹುಶಃ ಅದಕ್ಕೇ ಇಂಥ ಪೇಚುಗಳೆಲ್ಲ ವಿಳಾಸ ಕೇಳಿಕೊಂಡು ನನ್ನ ಮನೆಗೇ ಬರುತ್ತವೆ.

ಕುವೈತಿನ ರಿಗ್ಗೈಯಲ್ಲಿ ನಮ್ಮದು ನಾಲ್ಕನೇ ಮಹಡಿ. ಕೀಲಿ ಕೊಡುವಾಗ ಮಾಲೀಕರು ಒಂದೇ ಮಾತು ಹೇಳಿದ್ದರು: "ಫ್ಯಾಮಿಲಿ ಓಕೆ. ಜನ ಸೇರಿಸಿದರೆ ಖಲಾಸ್, ಮನೆ ಖಾಲಿ ಮಾಡಬೇಕು." ಮಗಳ ಶಾಲೆ ಪಕ್ಕದ ಬೀದಿಯಲ್ಲೇ ಇದೆ. ಈ ಮನೆ ಹೋದರೆ ನಮ್ಮ ಬದುಕೇ ಬುಡಮೇಲು. ಆದರೂ ಶುಕ್ರವಾರ ನಾಲ್ಕೈದು ಸಂಸಾರ ಬಂದು ನಮ್ಮ ದೊಡ್ಡ ಟಿವಿಯಲ್ಲಿ ಉಡುಪಿ ಕೃಷ್ಣನ ಪೂಜೆ ನೋಡುವುದು ರೂಢಿಯಾಗಿಬಿಟ್ಟಿತ್ತು. ಬೆಲ್ ಒತ್ತಬಾರದು, ಲಿಫ್ಟಿನಲ್ಲಿ ಇಬ್ಬರಿಗಿಂತ ಹೆಚ್ಚು ಬರಬಾರದು ಎಂದು ನಿಯಮ ಮಾಡಿದ್ದೆ. ನಿಯಮಕ್ಕೆ ಒಳಪಡದವರು ಒಬ್ಬರೇ. ನನ್ನ ಅತ್ತೆ.

ದರ್ಶನ

ಅತ್ತೆ ಉಡುಪಿಯಿಂದ ಬಂದ ಮೊದಲ ಶುಕ್ರವಾರವೇ ಎದ್ದು ನಿಂತರು.

"ಎಂತ ಇದು, ಸೋಫಾದಲ್ಲಿ ಕೂತು ಕೃಷ್ಣನನ್ನು ನೋಡುವುದಾ? ಗಂಡಸರು ಅಂಗಿ ತೆಗೀರಿ. ಸಾಲಲ್ಲಿ ಬನ್ನಿ. ಒಬ್ಬೊಬ್ಬರೇ ಬಗ್ಗಿ ನೋಡಿ, ಮುಂದೆ ಹೋಗಿ."

ಉಡುಪಿಯಲ್ಲಿ ಸಣ್ಣ ಕಿಂಡಿಯೊಳಗಿಂದ ನೋಡಬೇಕು, ಸಾಲು ಬೇಕು. ಇದು ಅರವತ್ತೈದು ಇಂಚಿನ ಟಿವಿ.

"ಅತ್ತೆ, ಇದರಲ್ಲಿ ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ."

"ಕಾಣುತ್ತದೆ. ದರ್ಶನ ಆಗುವುದಿಲ್ಲ."

ಸಾಲು ಹಾಲ್ ದಾಟಿ, ಬಾಗಿಲು ದಾಟಿ, ಲಿಫ್ಟಿನವರೆಗೆ ಹೋಯಿತು. ಅದೇ ಹೊತ್ತಿಗೆ ಲಿಫ್ಟ್ ತೆರೆದುಕೊಂಡಿತು. ಒಳಗೆ ಹಾರಿಸ್, ಅಂದರೆ ನಮ್ಮ ಕಟ್ಟಡದ ಈಜಿಪ್ಟಿನ ಕಾವಲುಗಾರ. ಎದುರಿಗೆ ಬರಿಮೈಯಲ್ಲಿ ಇಬ್ಬರು ಬ್ಯಾಂಕ್ ಮ್ಯಾನೇಜರುಗಳು, ಜಾಬ್ರಿಯಾದ ಒಬ್ಬ ಹಲ್ಲಿನ ಡಾಕ್ಟರು. ಹಾರಿಸ್ ಗುಂಡಿ ಒತ್ತಿ ಕೆಳಗಿಳಿದುಹೋದ.

ಡಾಕ್ಟರು ಕೇಳಿದರು: "ಪಾಪ, ಸಾಲು ಉದ್ದ ಅಂತ ಹೋದನಾ ಸಾರ್?"

ಪಾಪ ಯಾರದು

ಮಾರನೆಯ ಬೆಳಿಗ್ಗೆ ಎದುರು ಫ್ಲ್ಯಾಟಿನ ಗೆಳೆಯ ಬಂದ. ಮಂಗಳೂರಿನ ಕೆಥೊಲಿಕ್, ನಮ್ಮ ಮನೆಯ ಚಕ್ಕುಲಿಯ ಪರಮಭಕ್ತ.

"ಹಾರಿಸ್ ಕೇಳಿದ ಮಾರಾಯ್ರೆ. ಬರ್ತ್‌ಡೇ ಪಾರ್ಟಿ ಅಂದೆ."

"ಮತ್ತೆ ಅಂಗಿ?"

"ಎಸಿ ಹಾಳಾಗಿದೆ ಅಂದೆ."

"ಒಂದೇ ಉಸಿರಿಗೆ ಎರಡು ಸುಳ್ಳು! ನನ್ನ ಮನೆಯ ಹೆಸರಿನಲ್ಲಿ!" ಎಂದು ಹರಿಹಾಯ್ದೆ.

ಅವನು ಚಕ್ಕುಲಿ ಮುರಿಯುತ್ತ ಹೇಳಿದ: "ನನ್ನ ಪಾಪ ನಾನು ಚರ್ಚಿನಲ್ಲಿ ಹೇಳಿ ಮುಗಿಸ್ತೇನೆ. ಮನೆ ಖಾಲಿ ಮಾಡುವಾಗ ನಿಮ್ಮ ಸತ್ಯ ಎಲ್ಲಿ ಇಡ್ತೀರಿ? ಫರ್ವಾನಿಯಾದ ಫುಟ್‌ಪಾತಿನಲ್ಲಾ?"

ಶುಭಾಶಯ

ಮುಂದಿನ ಶುಕ್ರವಾರ ಹಾರಿಸ್ ಕೆಳಗೇ ನಿಂತಿದ್ದ. "ಮಬ್ರೂಕ್, ಎಂಜಿನಿಯರ್! ಬರ್ತ್‌ಡೇ?" ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ; ಗಡಿಯಾರ ನೋಡಿಕೊಂಡು ಮೆಟ್ಟಿಲು ಹತ್ತಿದೆ. ಅದರ ಮುಂದಿನ ವಾರವೂ ಮಬ್ರೂಕ್. ಜೊತೆಗೆ ಒಬ್ಬ ಎಸಿ ಮೆಕ್ಯಾನಿಕ್.

"ಮಕ್ಕಳೆಷ್ಟು?" ಎಂದು ಹಾರಿಸ್ ಕೇಳಿದ.

ಇದಕ್ಕೆ ಸುಳ್ಳು ಹೇಳುವುದು ನನ್ನಿಂದಾಗದು. "ಒಬ್ಬಳೇ ಮಗಳು."

ಅವನು ನನ್ನನ್ನು ಕನಿಕರದಿಂದ ನೋಡಿದ. "ಪಾಪ, ಎಷ್ಟು ಬೇಗ ವಯಸ್ಸಾಗ್ತಿದೆ ಅವಳಿಗೆ!"

ಕೇಕು

ಕೃಷ್ಣಾಷ್ಟಮಿಯೂ ಶುಕ್ರವಾರವೇ ಬಂತು. ಆ ಸಂಜೆ ಹಾಲ್ ತುಂಬ ಜನ, ನಡುವೆ ತೊಟ್ಟಿಲು, ತೊಟ್ಟಿಲಲ್ಲಿ ಪುಟ್ಟ ಕೃಷ್ಣ. ಬೆಲ್ ಆಯಿತು. ನಮ್ಮವರು ಬೆಲ್ ಒತ್ತುವುದಿಲ್ಲ. ಬಾಗಿಲು ತೆರೆದರೆ ಸಾಕ್ಷಾತ್ ಮಾಲೀಕರು! ಹಿಂದೆ ಹಾರಿಸ್, ಅವನ ಕೈಯಲ್ಲಿ ದೊಡ್ಡ ಕೇಕು.

"ಪ್ರತಿ ವಾರ ಪಾರ್ಟಿ, ನನಗೆ ಮಾತ್ರ ಕರೆಯೇ ಇಲ್ಲ," ಎಂದರು ಮಾಲೀಕರು. "ಬರ್ತ್‌ಡೇ ಯಾರದು?"

ಎಲ್ಲರೂ ಮಗಳನ್ನು ನೋಡಿದರು. "ನಾಟ್ ಮೀ, ಅಂಕಲ್!" ಎಂದು ಅವಳು ಕೈ ಕೊಡವಿಬಿಟ್ಟಳು.

ಮನೆ ಹೋಯಿತು ಎಂದುಕೊಂಡೆ. ಅತ್ತೆಯೊಬ್ಬರೇ ನಿಶ್ಚಿಂತೆಯಿಂದ ತೊಟ್ಟಿಲು ತೂಗುತ್ತಿದ್ದರು. ಆಗ ಹೊಳೆಯಿತು: ಇವತ್ತು ಸುಳ್ಳಿನ ಅಗತ್ಯವೇ ಇಲ್ಲ! ತೊಟ್ಟಿಲು ತೋರಿಸಿ ಧೈರ್ಯವಾಗಿ ಹೇಳಿದೆ: "ಇವನದು."

ಮಾಲೀಕರು ತೊಟ್ಟಿಲಿಗೆ ಬಗ್ಗಿ ನೋಡಿದರು. ಟಿವಿ ನೋಡಿದರು. ಬರಿಮೈಯ ಡಾಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ವಯಸ್ಸೆಷ್ಟು?"

ಲೆಕ್ಕದಲ್ಲಿ ನಾನು ತಪ್ಪುವವನಲ್ಲ. "ಐದು ಸಾವಿರ ದಾಟಿದೆ ಸಾರ್."

ಮಾಲೀಕರು ಗಡ್ಡ ನೀವಿಕೊಂಡು ಯೋಚಿಸಿದರು.

"ಅಷ್ಟು ವಯಸ್ಸಿಗೆ ವಾರಕ್ಕೊಂದು ಪಾರ್ಟಿ ಹೆಚ್ಚೇನಲ್ಲ. ಆದರೆ ಎಂಜಿನಿಯರ್, ವಯಸ್ಸಿಗೆ ತಕ್ಕಷ್ಟು ಮೇಣದಬತ್ತಿ ಮಾತ್ರ ಹಚ್ಚಬೇಡಿ. ಬಿಲ್ಡಿಂಗ್ ನನ್ನದು."