ಮಾಮಾನ ಗಿಳಿಹಸಿರು ಅಂಗಿ

ನಮ್ಮ ಮಾಮಾ ಕಲಬುರಗಿಯ ಬಿಸಿಲಿಗೂ ಹೆದರುವವನಲ್ಲ, ಬೆನ್ನಟ್ಟುವ ಬೀದಿನಾಯಿಗಳಿಗೂ ಹೆದರುವವನಲ್ಲ. ಆದರೆ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತುವ ಮುಂಚೆ ಮನೆ ಬಾಗಿಲ ಕಡೆ ಹಣಿಕಿ ಹಣಿಕಿ ನೋಡುತ್ತಾನೆ. ಮಾಮಿ ಗೇಟಿನ ತನಕ ಬಂದು ಒಮ್ಮೆ 'ಹೋಗಿ ಬರ್ರಿ' ಅನ್ನಲಿ ಅಂತ! ಮಾಮಿ ಬರುವುದಿಲ್ಲ. "ಆ ಅಂಗಿ ಹಾಕ್ಕೊಂಡಾಗ ನಿಮ್ಮ ಬಾಜೂಕ ನಾ ನಿಂದರಂಗಿಲ್ಲ" ಎಂದು ಆಕೆ ಸಾರಿ ಎಷ್ಟೋ ದಿನವಾಯಿತು.

ನಿವೃತ್ತನಾಗುವವರೆಗೂ ಮಾಮಾ ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವನಲ್ಲ. ಆಮೇಲೆ ಡಾಕ್ಟರು ಸೈಕಲ್ ಹೊಡೆಯಿರಿ ಅಂದರು. ಪೋಷಾಕಿನ ಬಗ್ಗೆ ಅವರು ಚಕಾರವೆತ್ತಿರಲಿಲ್ಲ! ಆದರೆ ಊರಲ್ಲಿ ಈಗ ಸೈಕಲ್ಲಿಗಿಂತ ಸೈಕಲ್ ಬಟ್ಟೆಯ ಭರಾಟೆಯೇ ಜೋರು. ಸೂಪರ್ ಮಾರ್ಕೆಟ್‌ನಲ್ಲಿ ಸೀರೆ ಅಂಗಡಿಗಳ ನಡುವೆಯೂ ಅಂಥದೊಂದು ಅಂಗಡಿ ಎದ್ದಿದೆ. ಮಾಮಾ ಅಲ್ಲಿಗೆ ನನ್ನನ್ನೂ ಎಳೆದುಕೊಂಡು ಹೋದ. ಅಂಗಡಿಯ ಭಾಯಿ ಗಿಳಿಹಸಿರು ಜರ್ಸಿ, ಕೂರುವ ಕಡೆ ಒಳಗೆ ಮೆತ್ತೆ ಹೊಲಿದ, ಮೈಗಂಟುವ ಕರಿ ಚಡ್ಡಿ ಮುಂದಿಟ್ಟ. ಬೆಲೆ ಕೇಳಿ ಮಾಮಾ ಹೌಹಾರಿದ.

"ಅಲ್ರೀ ಭಾಯ್, ಅರಿವಿ ಕಡಿಮಿ ಆದಂಗ ರೇಟ್ ಜಾಸ್ತಿ ಏನು?"

"ಚಾಚಾ, ಇದು ಹಾಕ್ಕೊಂಡು ನೋಡ್ರಿ, ಬಿಲ್ಕುಲ್ ಜವಾನ್ ಕಾಣ್ತೀರಿ!"

ವ್ಯಾಪಾರ ಅಲ್ಲಿಗೇ ಮುಗಿಯಿತು.

"ಹಸಿಮೆಣಸಿನಕಾಯಿ ಕಂಡಂಗ ಕಾಣಸ್ತೀರಿ! ಓಣಿ ಮಂದಿ ನಗ್ತಾರ" ಎಂದಳು ಮನೆಯಲ್ಲಿ ಮಾಮಿ. ಮಾಮಾ ರಾಜಿಗೆ ಬಂದ. ಚಡ್ಡಿಯ ಮೇಲೆ ಧೋತರ ಉಟ್ಟು ಮನೆ ಬಿಡುವುದು, ಶರಣಬಸವೇಶ್ವರ ಗುಡಿ ದಾಟಿದ ಮೇಲೆ ಬಿಚ್ಚಿಡುವುದು. ಧೋತರ ಅಷ್ಟು ಹೊತ್ತು ಕಾಯಬೇಕಲ್ಲ! ಗುಡಿಯ ಎದುರಿಗೇ ಚೈನಿಗೆ ಸಿಕ್ಕಿ ತಾನಾಗಿಯೇ ಬಿಚ್ಚಿಕೊಂಡಿತು. ಕಾಲೇಜು ಹುಡುಗರು ಚಪ್ಪಾಳೆ ತಟ್ಟಿದರಂತೆ.

ಇಷ್ಟಾದರೂ ಆಸೆ ಬಿಡಲಿಲ್ಲ. ಮಾಮಿಗೆ ಕಮಲಾಪುರದ ಕೆಂಪು ಬಾಳೆಹಣ್ಣೆಂದರೆ ಪ್ರಾಣ. ಅಲ್ಲಿಯವರೆಗೆ ಸೈಕಲ್ ತುಳಿದು ಹಣ್ಣು ತಂದರೆ ಮುಂದಿನ ವಾರವಾದರೂ ಗೇಟಿಗೆ ಬಂದಾಳು ಎಂದು ಲೆಕ್ಕ ಹಾಕಿ, ಕಳೆದ ಭಾನುವಾರ ಹೊರಟೇಬಿಟ್ಟ.

ಮಧ್ಯಾಹ್ನ ಮರಳಿದಾಗ ಹೆಜ್ಜೆ ಸೊಟ್ಟಗಿತ್ತು, ಮುಖ ಕೆಂಪಗಿತ್ತು. ಕುರ್ಚಿ ಕೊಟ್ಟರೆ ಕೂರಲೊಲ್ಲ!

"ಏ, ಈ ಚಡ್ಡ್ಯಾಗ ಒಂದು ಗಾದಿ ಇತ್ತಲ್ಲ, ಎಲ್ಲಿ ಹೋತು?"

"ಅದಾ? ಒಗಿಯೋ ಮುಂದ ನೋಡಿದೆ, ಒಳಗ ಅರಿವಿ ಗಂಟು ಕಟ್ಟಿತ್ತು. ಬಿಚ್ಚಿ ಸಾಫ್ ಮಾಡೀನಿ. ಬಿಸಿ ಪಾತೇಲಿ ಹಿಡಿಲಿಕ್ಕೆ ಭಾಳ ಛಲೋ ಅದ ನೋಡ್ರಿ!" ಎಂದಳು ಮಾಮಿ.

ಪಾಪ! ಸೀಟಿನ ಮೇಲೆ ಕೂರುವಂತಿಲ್ಲ, ಕಟ್ಟೆಯ ಮೇಲೂ ಕೂರುವಂತಿಲ್ಲ. ಬರುವ ದಾರಿಯಲ್ಲಿ ಸಿಕ್ಕಸಿಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತೇ ದಣಿವಾರಿಸಿಕೊಂಡಿದ್ದ. ಬಾಳೆಹಣ್ಣು ಇದ್ದದ್ದು ಅದೇ ಬೆನ್ನಿನ ಮೇಲಿನ ಜರ್ಸಿ ಜೇಬಿನಲ್ಲಿ!

ಜಜ್ಜಿಹೋದ ಹಣ್ಣನ್ನು ಮಾಮಿ ಬಳಿದುಕೊಂಡು, ಹಾಲು ಸಕ್ಕರೆ ಹಾಕಿ ಶಿಕರಣಿ ಮಾಡಿದಳು. ಮಾಮಾ ನಿಂತುಕೊಂಡೇ ತಿಂದ. ತಿನ್ನುತ್ತಾ ಸಣ್ಣ ದನಿಯಲ್ಲಿ, "ನಾಳೆ ಬೂದಿ ಬಣ್ಣದ ಜರ್ಸಿ ತರ್ತೀನಿ. ಯಾರೂ ನಗಂಗಿಲ್ಲ. ಆವಾಗರೆ ಗೇಟಿಗೆ ಬರ್ತೀಯೇನು?" ಎಂದ.

ಮಾಮಿಯ ಕೈಯ ಸೌಟು ನಿಂತಿತು.

"ಬ್ಯಾಡ."

"ಯಾಕ?"

"ನೀವು ಹೊಂಟ ಕೂಡಲೆ ನಾ ಮಾಳಗಿ ಮ್ಯಾಲ ಹೋಗಿ ನಿಂದರ್ತೀನಿ. ಸೇಡಂ ರೋಡಿನ ಗಾಡಿ ಗದ್ದಲದಾಗ ತಿರುವಿನ ತನಕ ಈ ಹಸರು ಕಾಣಸ್ತದ. ಬೂದಿ ಬಣ್ಣ ಹಾಕ್ಕೊಂಡ್ರ ನಿಮ್ಮನ್ನ ನಾ ಎಲ್ಲಿ ಹುಡುಕ್ಲಿ?"

ಅಷ್ಟು ಹೊತ್ತು ನಿಂತೇ ಇದ್ದ ಮಾಮಾ, ನೋವನ್ನೂ ಮರೆತು, ಬಟ್ಟಲು ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತುಬಿಟ್ಟ.